ಗೊತ್ತಿಲ್ಲದ ಯಂತ್ರದ ಪರವಾಗಿ ಕೊಟ್ಟ ಮಾತು

"ಈ ಡಬ್ಬೀಲಿ ನಾನಾಡಿದ್ದು ಇನ್ಯಾರಿಗಾದ್ರೂ ಕೇಳುತ್ತೇನವ್ವ?" ಎಂದು ಅಜ್ಜಿ ಕೇಳಿದ್ದರು.

ಅರಸೀಕೆರೆ ಕಡೆಯ ಒಂದು ಹಳ್ಳಿ. ಮನೆಯ ಹಿಂದಿನ ಹಿತ್ತಲಲ್ಲಿ ಕೂತಿದ್ದೆವು. ಸುತ್ತಲಿನ ಏಳೆಂಟು ಊರುಗಳಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದವರು ಆ ಅಜ್ಜಿ. ಸೂಲಗಿತ್ತಿಯರ ಬದುಕಿನ ಕಥನಗಳು ನನ್ನ ಪಿಎಚ್‌ಡಿ ವಿಷಯ. 2018ರಲ್ಲಿ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ನಾನಿನ್ನೂ ಎಂ.ಎ. ಓದುತ್ತಿದ್ದೆ. ಇಂಥವರು ಇನ್ನೆಷ್ಟು ಊರುಗಳಲ್ಲಿ ಇದ್ದಾರು, ಅವರ ಮಾತನ್ನು ಯಾರಾದರೂ ಬರೆದಿಟ್ಟುಕೊಂಡಿದ್ದಾರೆಯೇ ಎಂಬ ಪ್ರಶ್ನೆ ಆಗಲೇ ಹುಟ್ಟಿದ್ದು. ಅದೇ ಪ್ರಶ್ನೆ ನನ್ನನ್ನು 2022ರ ಕೊನೆಯಲ್ಲಿ ಆ ಹಿತ್ತಲಿಗೆ ಕರೆತಂದಿತ್ತು.

"ಇಲ್ಲಜ್ಜಿ, ನನ್ ಹತ್ರ ಮಾತ್ರ ಇರುತ್ತೆ" ಎಂದೆ. ಅಜ್ಜಿ ರೆಕಾರ್ಡರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಒಂದು ಹೆರಿಗೆಯ ಕಥೆ ಹೇಳಿದರು. ಆ ಕಥೆ ಏನೆಂದು ಇಲ್ಲಿ ಬರೆಯುವುದಿಲ್ಲ, ಇನ್ನೆಲ್ಲೂ ಬರೆಯುವುದಿಲ್ಲ. ಆ ಹೆರಿಗೆ ಯಾರಿಗೆ ಆಯಿತೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ, ಅಜ್ಜಿ ಅದನ್ನು ಅಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ, ಇಷ್ಟನ್ನು ಹೇಳಬಹುದು. ಹೇಳಿ ಮುಗಿಸಿ, "ಇದು ನಿನ್ ಹೊಟ್ಟೇಲೇ ಇರ್ಲಿ" ಎಂದರು.

ಹದಿನಾಲ್ಕು ತಿಂಗಳ ನಂತರ, 2024ರ ಜನವರಿಯ ಒಂದು ರಾತ್ರಿ, ಹಾಸ್ಟೆಲ್ಲಿನಲ್ಲಿ ಮಲಗುವ ಹೊತ್ತಿಗೆ ಫೋನಿಗೆ ಒಂದು ಸೂಚನೆ ಬಂತು. ನಿಮ್ಮ ಸಂಗ್ರಹದ ಜಾಗ ತುಂಬುತ್ತ ಬಂದಿದೆ, ಹೆಚ್ಚಿನ ಜಾಗಕ್ಕೆ ತಿಂಗಳಿಗೆ ಇಷ್ಟು ಹಣ ಕಟ್ಟಿ ಎಂಬ ಸೂಚನೆ. ಯಾವ ಸಂಗ್ರಹ? ತೆರೆದು ನೋಡಿದೆ. ನನ್ನ ಲ್ಯಾಪ್‌ಟಾಪಿನ ಫೋಲ್ಡರುಗಳು ಹೆಸರು ಸಮೇತ ಸಾಲಾಗಿ ಅಲ್ಲಿದ್ದವು. 'ಕ್ಷೇತ್ರಕಾರ್ಯ' ಎಂಬ ಫೋಲ್ಡರಿನೊಳಗೆ 41 ಧ್ವನಿ ಕಡತಗಳು. ಹನ್ನೆರಡನೆಯದು ಅಜ್ಜಿಯ ಆ ಮಧ್ಯಾಹ್ನದ ಮಾತು. ಅದು ಯಾವುದೋ ದೇಶದ, ಯಾವುದೋ ಊರಿನ ಸರ್ವರೊಂದರಲ್ಲಿ ಹದಿನಾಲ್ಕು ತಿಂಗಳಿಂದ ಕೂತಿತ್ತು.

ಕಂಪನಿಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ತಪ್ಪೆಲ್ಲ ಅವರದ್ದಾಗಿ ನಾನು ತಪ್ಪಿಸಿಕೊಂಡುಬಿಡುತ್ತೇನೆ. ಲ್ಯಾಪ್‌ಟಾಪ್ ಕೊಂಡ ದಿನ ಒಂದರ ಹಿಂದೊಂದು ಬಂದ ಪುಟಗಳಲ್ಲಿ 'ಒಪ್ಪುತ್ತೇನೆ' ಎಂಬುದನ್ನು ಒತ್ತುತ್ತ ಹೋದವಳು ನಾನು. ಏನನ್ನು ಒಪ್ಪುತ್ತಿದ್ದೇನೆಂದು ಓದಲಿಲ್ಲ. ನಿಮ್ಮಲ್ಲಿ ಹೆಚ್ಚಿನವರೂ ಓದಿರಲಾರಿರಿ.

ಅವತ್ತಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು. ನಾನು ಅಜ್ಜಿಗೆ ಸುಳ್ಳು ಹೇಳಿದೆನೆ?

ಸಾಮಾನ್ಯ ಅರ್ಥದಲ್ಲಿ ಇಲ್ಲ. ನಿಜವಲ್ಲವೆಂದು ಗೊತ್ತಿದ್ದೂ ಹೇಳುವುದು ಸುಳ್ಳು. "ನನ್ನ ಹತ್ತಿರ ಮಾತ್ರ ಇರುತ್ತೆ" ಎನ್ನುವಾಗ ನಾನು ಅದನ್ನು ನಂಬಿದ್ದೆ. ಗೈಡ್ ಮೇಡಂ ಹತ್ತಿರ ಹೇಳಿಕೊಂಡಾಗ ಅವರೂ ಸಮಾಧಾನ ಮಾಡಿದರು. "ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡಿದ್ದೀಯಲ್ಲ, ನಿಯಮದ ಪ್ರಕಾರ ಎಲ್ಲ ಸರಿ ಇದೆ" ಎಂದರು. ಆ ಪತ್ರವನ್ನು ಮತ್ತೆ ತೆಗೆದು ಓದಿದೆ. 'ಮಾಹಿತಿಯನ್ನು ಸುರಕ್ಷಿತವಾಗಿ ಕಾಪಾಡಲಾಗುವುದು' ಎಂದಿತ್ತು. ಕಾಪಾಡಲಾಗುವುದು, ಸರಿ. ಯಾರಿಂದ? ನಮ್ಮ ಕಚೇರಿ ಕನ್ನಡದ ಕರ್ಮಣಿ ಪ್ರಯೋಗದಲ್ಲಿ ಕರ್ತೃವೇ ಇರುವುದಿಲ್ಲ. ಆ ವಾಕ್ಯವನ್ನು ಬರೆದವಳು ನಾನೇ. ಬರೆಯುವಾಗ ಅದರಲ್ಲಿ ನನ್ನನ್ನು ಸೇರಿಸಿಕೊಳ್ಳಬೇಕು ಅನ್ನಿಸಿರಲಿಲ್ಲ.

ವಿಲಿಯಂ ಕಿಂಗ್ಡನ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ 'ನಂಬಿಕೆಯ ನೀತಿ'ಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳೆಯದು, ಹಲವು ಸಲ ರಿಪೇರಿ ಆಗಿರುವುದು. ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸುವ ಮುನ್ನ ಅವನಿಗೊಂದು ಅನುಮಾನ ಬರುತ್ತದೆ. ಇಷ್ಟು ಪ್ರಯಾಣ ಮಾಡಿದ ಹಡಗು ಇದೊಂದನ್ನೂ ಮಾಡೀತು ಎಂದು ಆ ಅನುಮಾನವನ್ನು ತಾನೇ ಅಡಗಿಸಿ, ಪೂರ್ಣ ನಂಬಿಕೆಯಿಂದ ಬೀಳ್ಕೊಡುತ್ತಾನೆ. ಹಡಗು ಮುಳುಗುತ್ತದೆ. ಅವನು ಮನಸಾರೆ ನಂಬಿದ್ದ ಎಂಬುದು ಅವನ ಸಹಾಯಕ್ಕೆ ಬರುವುದಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಕೈಯಲ್ಲಿದ್ದ ಆಧಾರಗಳನ್ನು ನೋಡಿದರೆ ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ. ಹಡಗು ಕ್ಷೇಮವಾಗಿ ದಡ ಸೇರಿದ್ದರೂ ಅವನ ತಪ್ಪು ಕಡಿಮೆಯಾಗುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಷ್ಟೆ.

ಕ್ಲಿಫರ್ಡನ ಮಾತು ಕಠಿಣ. ಪ್ರತಿಯೊಂದನ್ನೂ ಪರೀಕ್ಷಿಸಿಯೇ ನಂಬುತ್ತೇನೆಂದರೆ ಬಸ್ಸು ಹತ್ತಲಿಕ್ಕೂ ಆಗುವುದಿಲ್ಲ. ಆದರೆ ನಾನೊಬ್ಬಳೇ ಬಸ್ಸು ಹತ್ತುವುದು ಬೇರೆ, ಇನ್ನೊಬ್ಬರನ್ನು ಹತ್ತಿಸಿ "ಏನೂ ಆಗಲ್ಲ, ಹೋಗಿ" ಎನ್ನುವುದು ಬೇರೆ. ಅಜ್ಜಿ ನಂಬಿದ್ದು ನನ್ನನ್ನು, ಲ್ಯಾಪ್‌ಟಾಪನ್ನಲ್ಲ. ನಾನು ಮಾತ್ರ ಆ ಯಂತ್ರದ ಪರವಾಗಿಯೂ ಮಾತು ಕೊಟ್ಟುಬಿಟ್ಟಿದ್ದೆ. ಅದು ಒಳಗೆ ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಆ ರಾತ್ರಿಯೇ ಕಡತಗಳನ್ನು ಅಲ್ಲಿಂದ ಅಳಿಸಿದೆ. ಬೆಳಿಗ್ಗೆ ಕಂಪ್ಯೂಟರ್ ಸೈನ್ಸ್ ವಿಭಾಗದ ಒಬ್ಬ ಕಿರಿಯ ಸಂಶೋಧಕನ ಹತ್ತಿರ ಹೋದೆ. ಮೆಸ್ಸಿನಲ್ಲಿ ಪರಿಚಯವಾದವನು, ನನ್ನನ್ನು ಅಕ್ಕ ಎನ್ನುತ್ತಾನೆ. ಎಲ್ಲ ಕೇಳಿ, "ಲಿನಕ್ಸ್ ಹಾಕ್ಕೊಳ್ಳಿ ಅಕ್ಕ. ಆದ್ರೆ ಯಾವ್ದು ಬೇಕು ಅಂತ ನೀವೇ ನೋಡ್ಕೊಂಡು ಬನ್ನಿ, ನಾನು ಹೇಳಿದ್ರೆ ಅದು ನನ್ನ ಆಯ್ಕೆ ಆಗುತ್ತೆ" ಎಂದ. ಆಗ ಸಿಟ್ಟು ಬಂದಿತ್ತು. ಹೊಟ್ಟೆನೋವು ಎಂದು ಹೋದವರಿಗೆ ವೈದ್ಯಶಾಸ್ತ್ರ ಓದಿಕೊಂಡು ಬನ್ನಿ ಎಂದ ಹಾಗಿತ್ತು.

ಲಿನಕ್ಸ್ ಎಂದರೆ ಒಂದು ಎಂದುಕೊಂಡಿದ್ದೆ. ಅದು ನೂರಾರು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದು ಎಲ್ಲರಿಗೂ ತೆರೆದಿಟ್ಟಿದ್ದು ಕರ್ನೆಲ್ ಎಂಬ ತಿರುಳು ಮಾತ್ರ. ಯಂತ್ರದ ಬಿಡಿಭಾಗಗಳಿಗೂ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವುದು ಅದರ ಹೊಣೆ. ಅದರ ಸುತ್ತ ಬೇಕಾದ ಎಷ್ಟೋ ಉಪಕರಣಗಳು ಅದಕ್ಕೂ ಮೊದಲೇ, 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯಿಂದ ಬಂದಿದ್ದವು. ತಿರುಳನ್ನೂ ಉಪಕರಣಗಳನ್ನೂ ಒಟ್ಟು ಮಾಡಿ, ಕಿಟಕಿ, ಮೆನು, ಅಕ್ಷರ, ಬರವಣಿಗೆಯ ತಂತ್ರಾಂಶ ಎಲ್ಲ ಜೋಡಿಸಿ ಬಳಸುವ ಹದಕ್ಕೆ ತಂದು ಕೊಡುವುದನ್ನು ಡಿಸ್ಟ್ರಿಬ್ಯೂಷನ್ ಅನ್ನುತ್ತಾರೆ, ಚಿಕ್ಕದಾಗಿ ಡಿಸ್ಟ್ರೋ. 1993ರಲ್ಲಿ ಡೆಬಿಯನ್ ಶುರುವಾಯಿತು. ಅದನ್ನು ಆಧರಿಸಿ 2004ರಲ್ಲಿ ಉಬುಂಟು ಬಂತು, ಉಬುಂಟುವನ್ನು ಆಧರಿಸಿ 2006ರಲ್ಲಿ ಮಿಂಟ್. ಇನ್ನೊಂದು ಕವಲಿನಲ್ಲಿ ಫೆಡೋರಾ, ಮತ್ತೊಂದರಲ್ಲಿ ಆರ್ಚ್. ಜಾನಪದ ಓದಿದವಳಿಗೆ ಇದು ತೀರ ಅಪರಿಚಿತ ಅನ್ನಿಸಲಿಲ್ಲ. ಮಂಟೇಸ್ವಾಮಿ ಕಥೆಯನ್ನು ಒಬ್ಬ ನೀಲಗಾರ ಹಾಡಿದಂತೆ ಇನ್ನೊಬ್ಬ ಹಾಡುವುದಿಲ್ಲ. ಕಥೆ ಎಲ್ಲರದು, ಪಾಠ ಅವರವರದು. ನನ್ನದೇ ಸರಿಯಾದ ಪಾಠ ಎಂದು ಇನ್ನೊಬ್ಬನ ಹಾಡನ್ನು ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ.

ಆದರೂ ಆರಿಸಬೇಕಿತ್ತು. ಒಂದು ವಾರ ಅದೇ ಕೆಲಸ. ಹೊಸಬರು ಮೊದಲು ಕೇಳಿಕೊಳ್ಳಬೇಕಾದ್ದು ಯಾವುದು ಒಳ್ಳೆಯದು ಎಂದಲ್ಲ, ನನ್ನ ಯಂತ್ರ ಎಂಥದ್ದು, ನನ್ನ ಕೆಲಸ ಎಂಥದ್ದು ಎಂದು. ನನ್ನದು ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಹಾಗಾಗಿ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬೇಕು. ಕನ್ನಡದಲ್ಲಿ ಬರೆಯಲು ಬರಬೇಕು. ಪ್ರಬಂಧ ಮುಗಿಯುವವರೆಗೆ ಆಗಾಗ ಬದಲಾಗುತ್ತ ತೊಂದರೆ ಕೊಡಬಾರದು. ಇದರಿಂದಲೇ ಅರ್ಧ ಪಟ್ಟಿ ಹೋಯಿತು. ಎಲ್ಲವನ್ನೂ ನಾವೇ ಒಂದೊಂದಾಗಿ ಕಟ್ಟಿಕೊಳ್ಳಬೇಕಾದ ಆರ್ಚ್ ನನಗಲ್ಲ. ಹೊಸತು ಬೇಗ ಬೇಗ ಬರುವ ಫೆಡೋರಾ ಕೂಡ ಅಲ್ಲ. ಉಳಿದ ಮೂರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಡಿಸ್ಕಿಗೆ ಕೈ ಹಚ್ಚದೆ ಲೈವ್ ಆಗಿ ನಡೆಸಿ ನೋಡಿದೆ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಏಳುತ್ತದೆಯೇ ಎಂದೆಲ್ಲ ನೋಡಿಕೊಳ್ಳಬಹುದು. ಹೊಸಬರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದು. ಮಿಂಟ್ ಎಲ್ಲಕ್ಕಿಂತ ಸುಲಭ ಅನ್ನಿಸಿತು. ಹೊಸಬರಿಗೆ ಅದನ್ನೇ ಹೇಳುತ್ತಾರೆ, ಹೇಳುವುದು ಸರಿಯಾಗಿಯೂ ಇದೆ.

ಆದರೆ ನಾನು ಆರಿಸಿದ್ದು ಡೆಬಿಯನ್. ಕಾರಣ ತಾಂತ್ರಿಕವಲ್ಲ. 1997ರಿಂದ ಡೆಬಿಯನ್ ಬಳಗಕ್ಕೆ ಒಂದು 'ಸಾಮಾಜಿಕ ಒಪ್ಪಂದ' ಇದೆ, ಐದು ಅಂಶಗಳ ಒಂದು ಪುಟದ ಮಾತು. ಅದು ಬಳಸುವವರಿಂದ ಒಪ್ಪಿಗೆ ಕೇಳುವುದಿಲ್ಲ. ತಂತ್ರಾಂಶ ಮಾಡುವವರು ಬಳಸುವವರಿಗೆ ಕೊಡುವ ಭಾಷೆ ಅದು. ಮೂರನೆಯ ಅಂಶದಲ್ಲಿ ನಾವು ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ ಎಂದಿದೆ. ಬಂದ ದೂರುಗಳೆಲ್ಲ ಯಾರು ಬೇಕಾದರೂ ಓದುವಂತೆ ತೆರೆದಿರುತ್ತವೆ. ನಾನು ಒತ್ತಿದ ನೂರಾರು 'ಒಪ್ಪುತ್ತೇನೆ'ಗಳ ಎದುರಿಗೆ, ಇಲ್ಲಿ ಮೊದಲ ಸಲ ಆ ಕಡೆಯವರು ನನಗೆ ಮಾತು ಕೊಡುತ್ತಿದ್ದರು. ಹುಡುಗನಿಗೆ ಹೇಳಿದರೆ ನಕ್ಕುಬಿಟ್ಟ. "ಪ್ರಣಾಳಿಕೆ ಓದಿ ಸಾಫ್ಟ್‌ವೇರ್ ಆರಿಸ್ಕೊಂಡೋರನ್ನ ಇದೇ ಮೊದಲು ನೋಡ್ತಿರೋದು ಅಕ್ಕ."

ಆ ಒಪ್ಪಂದದ ಚರಿತ್ರೆಯಲ್ಲೇ ನನ್ನ ಪ್ರಶ್ನೆಗೆ ಬೇಕಾದ ಒಂದು ಪ್ರಸಂಗ ಇದೆ. ಡೆಬಿಯನ್ ಪೂರ್ತಿ ಮುಕ್ತವಾಗಿರುತ್ತದೆ, ಒಳಗೆ ಏನಿದೆಯೆಂದು ನೋಡಲಾಗದ ತಂತ್ರಾಂಶವನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ಅದರ ಮೊದಲ ಮಾತು. ಆದರೆ ಇವತ್ತಿನ ಬಹುಪಾಲು ವೈಫೈ ಚಿಪ್‌ಗಳಿಗೆ ಅವುಗಳ ತಯಾರಕರು ಕೊಡುವ ಮುಚ್ಚಿದ ಫರ್ಮ್‌ವೇರ್ ಬೇಕು. ಮಾತಿಗೆ ಕಟ್ಟುಬಿದ್ದು ಡೆಬಿಯನ್ ಅದನ್ನು ಹೊರಗಿಟ್ಟಿತ್ತು. ಹೊಸಬರು ಹಾಕಿಕೊಂಡರೆ ವೈಫೈ ಸಿಗುತ್ತಿರಲಿಲ್ಲ, ಇಂಟರ್ನೆಟ್ ಇಲ್ಲದೆ ಫರ್ಮ್‌ವೇರ್ ಇಳಿಸಿಕೊಳ್ಳಲೂ ಆಗುತ್ತಿರಲಿಲ್ಲ. 2022ರಲ್ಲಿ ಡೆಬಿಯನ್ನಿನವರು ಈ ಬಗ್ಗೆ ಬಹಿರಂಗವಾಗಿ ಚರ್ಚಿಸಿ, ಮತ ಹಾಕಿ, ಒಪ್ಪಂದವನ್ನೇ ತಿದ್ದಿದರು. ಯಂತ್ರ ನಡೆಯಲು ಬೇಕಾದ ಅಂಥ ಫರ್ಮ್‌ವೇರ್ ಇನ್ನು ಮುಂದೆ ಅಧಿಕೃತ ಡಿಸ್ಕಿನಲ್ಲೇ ಇರಬಹುದು ಎಂದು ಸೇರಿಸಿದರು. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಲ್ಲಿ ಅದು ಜಾರಿಗೆ ಬಂತು. ನನ್ನ ವೈಫೈ ನಡೆಯುತ್ತಿರುವುದೇ ಆ ತಿದ್ದುಪಡಿಯಿಂದ.

ಅವರು ಮಾತಿಗೆ ತಪ್ಪಿದರೆ? ಕೆಲವರು ಹಾಗೇ ಅಂದುಕೊಂಡಿರಬಹುದು. ನನಗೆ ಮಾತ್ರ ಇದರಲ್ಲಿ ಬೇರೆ ಏನೋ ಕಂಡಿತು. ಕೊಟ್ಟ ಮಾತು ಮುಂದೆ ನಡೆಸಲಾಗದ್ದಾದಾಗ ಮೂರು ದಾರಿಗಳಿವೆ. ನಡೆಸುತ್ತಿರುವಂತೆ ನಟಿಸುವುದು ಒಂದು. ಯಾರಿಗೂ ತಿಳಿಯದಂತೆ ಷರತ್ತು ಬದಲಿಸಿ 'ಒಪ್ಪುತ್ತೇನೆ' ಒತ್ತಿಸಿಕೊಳ್ಳುವುದು ಇನ್ನೊಂದು. ಎಲ್ಲರ ಮುಂದೆ ನಿಂತು, ಇದು ಹೀಗಾಗಿದೆ, ಈ ಕಾರಣಕ್ಕೆ ಬದಲಿಸುತ್ತಿದ್ದೇವೆ ಎಂದು ಹೇಳುವುದು ಮೂರನೆಯದು. ಮಾತು ಉಳಿಸಿಕೊಳ್ಳುವುದು ಎಂದರೆ ಅಕ್ಷರ ಬಿಡದೆ ನಡೆಸುವುದು ಎಂದೇ ನಾವು ಪುಣ್ಯಕೋಟಿಯ ಕಥೆಯಿಂದ ಕಲಿತವರು. ಈ ಮೂರನೆಯ ದಾರಿಗೂ ನೀತಿಯಲ್ಲಿ ಜಾಗವಿದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹಾಕಿಕೊಳ್ಳುವ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡೆ, ಇಳಿಸಿಕೊಂಡ ಕಡತ ಕೆಟ್ಟಿಲ್ಲವೆಂದು ಚೆಕ್‌ಸಮ್ ತಾಳೆ ನೋಡಿದೆ, ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಡಿಸ್ಕನ್ನು ಪೂರ್ತಿ ಗೂಢಲಿಪಿಯಲ್ಲಿ ಇಡುವ ಆಯ್ಕೆ ಇತ್ತು, ಅದನ್ನೇ ಆರಿಸಿಕೊಂಡೆ. ಈ ವ್ಯವಸ್ಥೆಯಲ್ಲಿ ಪಾಸ್‌ಫ್ರೇಸ್ ಮರೆತರೆ ಎಲ್ಲವೂ ಹೋದಂತೆಯೇ. 'ಪಾಸ್‌ವರ್ಡ್ ಮರೆತಿರಾ?' ಎಂದು ಕೇಳಿ ಸಹಾಯ ಮಾಡುವ ಕೊಂಡಿ ಇಲ್ಲಿ ಇಲ್ಲ. ನನಗೆ ಸಹಾಯ ಮಾಡಬಲ್ಲವರು ಇದ್ದಾರೆಂದರೆ ನನ್ನ ಕಡತಗಳನ್ನು ತೆರೆಯಬಲ್ಲವರೂ ಇದ್ದಾರೆಂದೇ ಅರ್ಥ. ಡಿಸ್ಕಿನ ಮೇಲಿರುವುದನ್ನೆಲ್ಲ ಅಳಿಸಿ ಬರೆಯುವ ಕೊನೆಯ ಹಂತದಲ್ಲಿ ಅದು ಒಮ್ಮೆ ನಿಂತು ಕೇಳಿತು. ಗುರುತು ಮೊದಲೇ 'ಇಲ್ಲ' ಎಂಬುದರ ಮೇಲಿತ್ತು. 'ಹೌದು' ಎನ್ನಬೇಕಾದರೆ ನಾನೇ ಕೈಯಾರೆ ಅದನ್ನು ಸರಿಸಬೇಕಿತ್ತು. ಬೇರೆ ಕಡೆಗಳಲ್ಲಿ 'ಒಪ್ಪುತ್ತೇನೆ' ಎಂಬ ಗುಂಡಿ ಬಣ್ಣ ಬಳಿದುಕೊಂಡು ಮುಂದೆ ನಿಂತಿರುವುದನ್ನು ನೋಡಿದ್ದ ನನಗೆ ಆ 'ಇಲ್ಲ' ದೊಡ್ಡ ಮರ್ಯಾದೆಯಂತೆ ಕಂಡಿತು.

ಆಮೇಲೆ ಹೊಸಬರು ಎಡವುವ ಕಡೆಯಲ್ಲೇ ಎಡವಿದೆ. ಹಾಕಿಕೊಳ್ಳುವಾಗ ರೂಟ್ ಬಳಕೆದಾರನಿಗೆ ಬೇರೆ ಪಾಸ್‌ವರ್ಡ್ ಕೊಟ್ಟಿದ್ದೆ. ಹಾಗೆ ಕೊಟ್ಟರೆ ಡೆಬಿಯನ್ ನಮ್ಮ ಮಾಮೂಲಿ ಖಾತೆಗೆ ಸುಡೋ ಅಧಿಕಾರ ಕೊಡುವುದಿಲ್ಲ. ಗೊತ್ತಿಲ್ಲದೆ ಟರ್ಮಿನಲ್ಲಿನಲ್ಲಿ ಸುಡೋ ಎಂದು ಆದೇಶ ಕೊಟ್ಟೆ. ನಿನಗೆ ಅಧಿಕಾರವಿಲ್ಲ, ಈ ಘಟನೆಯನ್ನು ಆಡಳಿತಗಾರರಿಗೆ ವರದಿ ಮಾಡಲಾಗಿದೆ ಎಂಬರ್ಥದ ಸಾಲು ಬಂತು. ಒಂದು ಕ್ಷಣ ನಿಜವಾಗಿಯೂ ಹೆದರಿದೆ. ಯಾರಿಗೆ ವರದಿ ಮಾಡಿತು? ವಿಶ್ವವಿದ್ಯಾಲಯಕ್ಕೆ? ಆಮೇಲೆ ಅರ್ಥವಾಯಿತು, ಈ ಯಂತ್ರದ ಆಡಳಿತಗಾರರು ನಾನೇ. ಆ ಕರ್ಮಣಿ ಪ್ರಯೋಗದ ಕರ್ತೃ ಯಾರೆಂದು ಹುಡುಕುತ್ತ ಹೋದರೆ ನನ್ನ ಬಳಿಗೇ ಬಂದು ನಿಲ್ಲುತ್ತಿತ್ತು. ಒಬ್ಬಳೇ ಕೂತು ನಕ್ಕೆ. ಜೊತೆಗೆ ಸ್ವಲ್ಪ ಭಾರವೂ ಅನ್ನಿಸಿತು.

ಕನ್ನಡ ನಾನು ಭಯಪಟ್ಟಷ್ಟು ಕಷ್ಟ ಕೊಡಲಿಲ್ಲ. ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರು ಕಂಡಿತು. ಕನ್ನಡ ಗಣಕ ಪರಿಷತ್ತಿನ ಹೆಸರಲ್ಲಿರುವ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಅದೇ ಕೀಲಿಮಣೆ. ನನ್ನ ಬೆರಳಿಗೆ ಅಭ್ಯಾಸವಾಗಿದ್ದುದೂ ಅದೇ. ಅಕ್ಷರಗಳಿಗೆ ಗುಬ್ಬಿ, ನವಿಲು ಎಂಬ ಹೆಸರಿನ ಫಾಂಟುಗಳಿದ್ದವು. ತೊಂದರೆಯಾಗಿದ್ದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಾಗಿದ್ದ ನನ್ನ ಎರಡು ಅಧ್ಯಾಯಗಳಿಂದ. ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಿಸಿ, ಎಡವಟ್ಟಾದ ಅರ್ಕಾವೊತ್ತುಗಳನ್ನು ಕೈಯಲ್ಲಿ ತಿದ್ದಿದೆ. ಹತ್ತು ದಿನ ಹಿಡಿಯಿತು.

ಇಷ್ಟಾದ ಮೇಲೆ ಗೆದ್ದೆ ಅಂದುಕೊಂಡಿದ್ದೆ. ಈಗ ನನ್ನ ಯಂತ್ರ ನನಗೆ ಗೊತ್ತು, ಇನ್ನು ಅಜ್ಜಿಯ ಎದುರು ತಲೆಯೆತ್ತಿ ಮಾತು ಕೊಡಬಹುದು ಎಂದು.

2024ರ ಮಾರ್ಚ್ 29ರಂದು ಆ ಸಮಾಧಾನ ಹೋಯಿತು. ಎಕ್ಸ್‌ಝೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದಾರೆಂಬ ಸುದ್ದಿ ಬಂತು. ಅದು ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುವ ತಂತ್ರಾಂಶ. ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದವನು ಒಬ್ಬನೇ ಮನುಷ್ಯ, ಸಂಬಳವಿಲ್ಲದೆ. ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಹವ್ಯಾಸಕ್ಕೆ ಮಾಡುತ್ತಿರುವ ಕೆಲಸ ಎಂಬುದು ನೆನಪಿರಲಿ ಎಂದು 2022ರಲ್ಲೇ ಹೇಳಿಕೊಂಡಿದ್ದ. ಯಾಕೆ ಇಷ್ಟು ನಿಧಾನ, ಬೇರೆಯವರಿಗೆ ವಹಿಸು ಎಂದು ಅವನ ಮೇಲೆ ಒತ್ತಡ ಬಿತ್ತು. ಜಿಯಾ ಟಾನ್ ಎಂಬ ಹೆಸರಿನ ಯಾರೋ ಸಹಾಯಕ್ಕೆ ಬಂದು, ಎರಡು ವರ್ಷ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ವಿಷ ಹಾಕಿದರು. ಅದನ್ನು ಕಂಡುಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಭದ್ರತೆ ಅವನ ಕಸುಬಲ್ಲ. ತನ್ನ ಡೆಬಿಯನ್ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ, ಯಾಕೆ ಎಂದು ಬೆನ್ನುಹತ್ತಿ ಹೋದ ಅಷ್ಟೆ. ಹೆಚ್ಚಾಗಿ ಪರೀಕ್ಷೆಯ ಹಂತದಲ್ಲಿದ್ದ ಆವೃತ್ತಿಗಳಿಗೆ ಅದು ತಲುಪಿತ್ತು. ನಾನು ಬಳಸುತ್ತಿದ್ದ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ.

ನಾನು ಪಾರಾದದ್ದು ನನ್ನ ಜಾಣತನದಿಂದಲ್ಲ. ಕರ್ನೆಲ್ ಒಂದರಲ್ಲೇ ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ. ತೆರೆದಿದೆ, ಯಾರು ಬೇಕಾದರೂ ಓದಬಹುದು, ನಿಜ. ನನಗೆ ಒಂದು ಸಾಲೂ ಓದಲು ಬರುವುದಿಲ್ಲ. ಓದಲು ಬಂದರೂ ಸಾಲದು. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬನಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ತೋರಿಸಿಕೊಟ್ಟದ್ದು ಅದನ್ನೇ. 1984ರಲ್ಲಿ ಪ್ರಕಟವಾದ ಆ ಭಾಷಣದ ತಾತ್ಪರ್ಯ ಇಷ್ಟು. ನಾವು ಓದುವ ಮೂಲಪಠ್ಯ ಶುದ್ಧವಾಗಿದ್ದರೂ ಅದನ್ನು ಯಂತ್ರಭಾಷೆಗೆ ತರುವ ಕಂಪೈಲರಿನಲ್ಲೇ ಕಳ್ಳತನ ಅಡಗಿರಬಹುದು, ಹಾಗಾಗಿ ಕೊನೆಗೂ ನಾವು ನಂಬಬೇಕಾದ್ದು ಬರೆದ ಮನುಷ್ಯರನ್ನೇ.

ಹಾಗಾದರೆ ನಾನು ಪಟ್ಟ ಪಾಡಿಗೆ ಅರ್ಥವೇನು? ಮೊದಲು ಒಂದು ಕಂಪನಿಯನ್ನು ನಂಬಿದ್ದೆ, ಈಗ ಮುಖ ನೋಡದ ಸಾವಿರಾರು ಜನರನ್ನು ನಂಬಿದ್ದೇನೆ. ಕ್ಲಿಫರ್ಡನ ಲೆಕ್ಕದಲ್ಲಿ ನಾನು ಇನ್ನೂ ಆ ಹಡಗಿನ ಯಜಮಾನನೇ.

ಎಷ್ಟೋ ದಿನ ಇದನ್ನೇ ಯೋಚಿಸಿದೆ. ವ್ಯತ್ಯಾಸ ಇದೆ ಎಂದು ಈಗ ಅನ್ನಿಸುತ್ತದೆ, ನಾನು ಅಂದುಕೊಂಡಿದ್ದ ಕಡೆ ಅಲ್ಲ. ಪೂರ್ತಿ ತಿಳಿದುಕೊಂಡೇ ಮಾತು ಕೊಡುತ್ತೇನೆ ಎನ್ನುವುದು ಆಗದ ಕೆಲಸ. ಆದರೆ ನಂಬಿದ್ದು ಕೆಟ್ಟಾಗ ನನಗೆ ಗೊತ್ತಾಗುತ್ತದೆಯೇ ಇಲ್ಲವೇ ಎಂಬುದು ದೊಡ್ಡ ವ್ಯತ್ಯಾಸ. ಎಕ್ಸ್‌ಝೆಡ್ ಕಳ್ಳಬಾಗಿಲಿನ ಸುದ್ದಿ ಬಂದ ದಿನವೇ ಅದು ಯಾವ ಆವೃತ್ತಿ, ಹೇಗೆ ಬಂತು, ಈಗ ಏನು ಮಾಡಬೇಕು ಎಂಬುದೆಲ್ಲ ಜಗತ್ತಿನ ಮುಂದೆ ಇತ್ತು. ನನ್ನ 41 ಕಡತಗಳು ಹೊರಗೆ ಹೋದದ್ದು ನನಗೆ ತಿಳಿದದ್ದು ಜಾಗ ತುಂಬಿತು, ದುಡ್ಡು ಕೊಡು ಎಂದು ಕೇಳಿದಾಗ. ಆ ಸಂದೇಶದಲ್ಲೂ ತಪ್ಪಾಯಿತು ಎಂಬ ಧಾಟಿ ಇರಲಿಲ್ಲ, ಯಾಕೆಂದರೆ ಅವರ ಪ್ರಕಾರ ತಪ್ಪೇನೂ ಆಗಿರಲಿಲ್ಲ. ನಾನು ಒಪ್ಪಿದ್ದೆನಲ್ಲ.

ಇನ್ನೊಂದು ವಿಷಯ, ಋಣದ್ದು. ದುಡ್ಡು ಕೊಟ್ಟು ಕೊಂಡಾಗ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು ಅನ್ನಿಸುತ್ತದೆ. ಪುಕ್ಕಟೆ ಸಿಕ್ಕಾಗ ಅದೂ ಅನ್ನಿಸುವುದಿಲ್ಲ. ಎಕ್ಸ್‌ಝೆಡ್ ನೋಡಿಕೊಳ್ಳುತ್ತಿದ್ದವನ ಮೇಲೆ ಬಿದ್ದ ಒತ್ತಡ ಆ ಸಂಚಿನದೇ ಭಾಗ ಇರಬಹುದು. ಆದರೂ ಅದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣಲಿಲ್ಲ, ಯಾಕೆಂದರೆ ಕೊಡುವವರ ಹತ್ತಿರ ಹಾಗೆ ಜೋರು ಮಾಡುವುದು ಪಡೆಯುವವರಿಗೆ ರೂಢಿಯಾಗಿಹೋಗಿದೆ. ನನಗೆ ಕೋಡ್ ಬರೆಯಲು ಬರುವುದಿಲ್ಲ. ಕನ್ನಡ ಗೊತ್ತು. ಈಗ ತಿಂಗಳಿಗೆ ಒಂದೆರಡು ಭಾನುವಾರ ಕೂತು ಮೆನುಗಳ, ಸೂಚನೆಗಳ ಕನ್ನಡ ಅನುವಾದವನ್ನು ತಿದ್ದಿ ಕಳಿಸುತ್ತೇನೆ. ಸಾಧ್ಯವಾದ ಕಡೆಯೆಲ್ಲ '-ಲಾಗಿದೆ' ತೆಗೆದು ಕರ್ತೃವನ್ನು ಹಾಕುತ್ತೇನೆ.

ಈ ಎಲ್ಲದಕ್ಕೂ ಎದುರಾಗಿ ಒಂದು ಮಾತನ್ನು ನಾನೇ ಹೇಳಿಕೊಳ್ಳಬೇಕು. ನನಗೆ ಫೆಲೋಶಿಪ್ ಇತ್ತು, ಇಂಗ್ಲಿಷ್ ಓದಲು ಬರುತ್ತಿತ್ತು, ಮೆಸ್ಸಿನಲ್ಲಿ ಸಿಗುವ ಹುಡುಗ ಇದ್ದ, ಒಂದು ವಾರ ಬರೀ ಆರಿಸುವುದಕ್ಕೇ ಕಳೆಯುವಷ್ಟು ಬಿಡುವಿತ್ತು. ಅದೇ ಹಳ್ಳಿಯ ಆಶಾ ಕಾರ್ಯಕರ್ತೆ ಬಸುರಿಯರ ವಿವರಗಳನ್ನು ತನ್ನ ಫೋನಿನಲ್ಲಿ ತುಂಬುತ್ತಾಳೆ. ಒಂದರ್ಥದಲ್ಲಿ ಅಜ್ಜಿಯ ಕೆಲಸಕ್ಕೆ ಈಗಿನ ವಾರಸುದಾರಳು ಅವಳೇ. ಆ ಫೋನಿನಲ್ಲಿ ಏನಿರಬೇಕು, ತುಂಬಿದ್ದು ಎಲ್ಲಿಗೆ ಹೋಗಬೇಕು ಎಂದು ಅವಳನ್ನು ಯಾರೂ ಕೇಳುವುದಿಲ್ಲ. "ಯಾರಿಗೂ ಹೇಳಬೇಡ ಅಕ್ಕ" ಎಂದು ಒಬ್ಬ ಹುಡುಗಿ ಅವಳ ಕೈ ಹಿಡಿದುಕೊಂಡರೆ ಅವಳು ಏನು ಮಾತು ಕೊಡಬಲ್ಲಳು? ಲಿನಕ್ಸ್ ಆರಿಸಿಕೊಂಡೆ ಎಂದು ನಾನು ಬೀಗಿದರೆ ನನ್ನ ಬಿಡುವನ್ನೇ ನನ್ನ ನೀತಿ ಎಂದು ತಿಳಿದುಕೊಂಡಂತೆ. ಆರಿಸಿಕೊಳ್ಳಲು ಆಗದವರ ಪಾಲಿನ ಹೊಣೆ ಆರಿಸುವ ಸ್ಥಾನದಲ್ಲಿ ಕೂತವರದು. ಕಚೇರಿಗಳೂ ವಿಶ್ವವಿದ್ಯಾಲಯಗಳೂ ಆ ಸ್ಥಾನದಲ್ಲಿವೆ, ನನ್ನದೂ ಸೇರಿ.

ಏಪ್ರಿಲಿನಲ್ಲಿ ಅಜ್ಜಿಯ ಊರಿಗೆ ಹೋದೆ. ಬಸ್ಸಿನಲ್ಲಿ ಕೂತು ಹೇಗೆ ಹೇಳಬೇಕೆಂದು ನಾಲ್ಕು ಥರ ಜೋಡಿಸಿಕೊಂಡಿದ್ದೆ. ಅಲ್ಲಿ ಒಂದೂ ಬರಲಿಲ್ಲ. "ಅಜ್ಜಿ, ನಿಮ್ ಮಾತು ನನ್ ಹತ್ರ ಮಾತ್ರ ಇರುತ್ತೆ ಅಂದಿದ್ದೆ. ಇರ್ಲಿಲ್ಲ. ನಂಗೆ ಗೊತ್ತಿಲ್ದೆ ಒಂದು ಕಂಪನಿ ಹತ್ರ ಹೋಗಿತ್ತು. ತೆಗೆದು ಹಾಕಿದೀನಿ. ಅವರ ಕಡೆಯಿಂದ ಪೂರ್ತಿ ಅಳಿಸಿತಾ ಇಲ್ವಾ ಅಂತ ನಂಗೆ ಗೊತ್ತಾಗಲ್ಲ" ಎಂದೆ.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಅವ್ರಿಗೆ ಕನ್ನಡ ಬತ್ತದಾ?"

"ಮನುಷ್ಯರು ಯಾರೂ ಕೇಳಿರಲಿಕ್ಕಿಲ್ಲ ಅಜ್ಜಿ. ಆದ್ರೆ ಗ್ಯಾರಂಟಿ ಹೇಳಕ್ಕಾಗಲ್ಲ."

"ಆ ಹುಡುಗೀದು ತೆಗ್ದಾಕ್ಬುಡು ಮಗ. ಮಿಕ್ಕಿದ್ದು ಇರ್ಲಿ."

ಅವರ ಎದುರಿಗೇ ಲ್ಯಾಪ್‌ಟಾಪ್ ತೆರೆದು ಹನ್ನೆರಡನೆಯ ಕಡತವನ್ನು ಅಳಿಸಿದೆ. ಹಾರ್ಡ್‌ಡಿಸ್ಕನ್ನೂ ತಂದಿದ್ದೆ, ಅದರಿಂದಲೂ. ಮೂರನೆಯ ಅಧ್ಯಾಯದ ಒಂದು ಇಡೀ ಭಾಗ ಅದರ ಮೇಲೆ ನಿಂತಿತ್ತು, ಅದೂ ಹೋಯಿತು. ಮೇಡಂ ಬೇಸರಪಟ್ಟರು, ಹೆಸರು ಬದಲಿಸಿ ಉಳಿಸಿಕೊಳ್ಳಬಹುದಿತ್ತು ಎಂದರು. ಬಹುದಿತ್ತೇನೋ. ಹೆಸರಿಲ್ಲದೆಯೂ ಆ ಊರಿನವರಿಗೆ ಅದು ಯಾರೆಂದು ಗೊತ್ತಾಗುತ್ತಿತ್ತು.

ಅಜ್ಜಿ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕಾಫಿ ಕೊಟ್ಟರು. ಹೊರಡುವಾಗ, "ಇನ್ನೊಂದ್ ದಪ ಬಂದ್ರೆ ಡಬ್ಬಿ ತರ್ಬ್ಯಾಡ" ಎಂದರು. ಅದಾದ ಮೇಲೆ ಎರಡು ಸಲ ಹೋಗಿದ್ದೇನೆ, ಬರಿಗೈಯಲ್ಲಿ. ಕೇಳಿಸಿಕೊಂಡು ಬಂದದ್ದನ್ನು ಬರೆದುಕೊಳ್ಳುವುದಿಲ್ಲ.

ಬೇರೆ ಊರುಗಳಲ್ಲಿ ಕೆಲಸ ಇನ್ನೂ ಇದೆ, ರೆಕಾರ್ಡರ್ ಅಲ್ಲಿಗೆ ಬೇಕು. ಒಪ್ಪಿಗೆ ಪತ್ರದ ಆ ವಾಕ್ಯವನ್ನು ಬದಲಿಸಿದ್ದೇನೆ. ಈಗ ಅದರಲ್ಲಿ ಹೀಗಿದೆ: ನಿಮ್ಮ ಮಾತನ್ನು ನಾನು ನನ್ನ ಯಂತ್ರದಲ್ಲಿ ಬೀಗ ಹಾಕಿ ಇಡುತ್ತೇನೆ. ಅದು ಒಳಗೆ ಹೇಗೆ ನಡೆಯುತ್ತದೆಂದು ನನಗೆ ಪೂರ್ತಿ ಗೊತ್ತಿಲ್ಲ. ಏನಾದರೂ ಹೆಚ್ಚುಕಡಿಮೆ ಆದರೆ ನಾನೇ ಬಂದು ಹೇಳುತ್ತೇನೆ.

ಇದನ್ನು ಓದಿ ಹೇಳಿದ ಮೇಲೆ ಕೆಲವರು ಮಾತಾಡುತ್ತಾರೆ. ಕೆಲವರು ಬೇಡ ಬಿಡವ್ವ ಎನ್ನುತ್ತಾರೆ. ನಾನು ರೆಕಾರ್ಡರನ್ನು ಚೀಲದೊಳಗೆ ಹಾಕಿಕೊಂಡು ಬರುತ್ತೇನೆ.